ಶಿರೂರಿನ ಗುಡ್ಡ ಮತ್ತು ನಮ್ಮ ಇವಿಎಸ್ ಪೇಪರ್

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಪಕ್ಕದ ಟೀ ಅಂಗಡಿಯ ಕುಟುಂಬವನ್ನೇ ಬಲಿ ತೆಗೆದುಕೊಂಡಿತು. ‘ಪ್ರಕೃತಿ ಮುನಿಸು’ ಅಂದುಬಿಟ್ಟೆವು. ಆದರೆ ರಸ್ತೆ ಅಗಲಿಸಲು ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಇರಲ್ಲ. ಮಳೆನೀರು ಒಳಗೆ ತುಂಬಿದಷ್ಟೂ ಮಣ್ಣಿನ ಹಿಡಿತ ಸಡಿಲವಾಗುತ್ತೆ. ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಆರಂಭದ ಪಾಠ.

ಉಳಿದವರಿಗೆ? ಪರಿಸರ ಶಿಕ್ಷಣ ಕಡ್ಡಾಯವಾಗಲಿ ಅಂತ ಸುಪ್ರೀಂ ಕೋರ್ಟ್ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಹೇಳಿದ್ದು 1991ರಲ್ಲಿ. ಆಮೇಲೆ ಯುಜಿಸಿ ಎಲ್ಲ ಪದವಿಗಳಿಗೂ ಆರು ತಿಂಗಳ ಕೋರ್ಸ್ ರೂಪಿಸಿತು. ಅದರಲ್ಲಿ ಫೀಲ್ಡ್ ವರ್ಕ್ ಕೂಡ ಇದೆ. ಕಾಗದದ ಮೇಲೆ.

ನಾನು ಇಂಜಿನಿಯರಿಂಗ್ ಓದುವಾಗ ಆ ಪೇಪರ್ ಅಂದ್ರೆ ಹಿಂದಿನ ರಾತ್ರಿಯ ಝೆರಾಕ್ಸ್ ನೋಟ್ಸ್. ಓಜೋನ್ ಪದರದ ಬಗ್ಗೆ ಪುಟಗಟ್ಟಲೆ ಬರೆದೆ. ನಮ್ಮೂರ ಕೆರೆಯ ಕೋಡಿ ನೀರು ಎಲ್ಲಿಗೆ ಹರಿಯುತ್ತೆ ಅಂತ ಗೊತ್ತಿರಲಿಲ್ಲ. ಹೀಗೆ ಪಾಸಾದ ನಾವೇ ನಾಳೆ ರಸ್ತೆ, ಲೇಔಟ್‌ಗಳ ನಕ್ಷೆ ಹಾಕೋರು, ಅದಕ್ಕೆ ಸಹಿ ಹಾಕೋರು.

ಹೊಸ ಪೇಪರ್ ಬೇಡ. ಇರೋದನ್ನೇ ಕ್ಲಾಸಿನಿಂದ ಹೊರಗೆ ತನ್ನಿ. ಪ್ರತಿ ಕಾಲೇಜೂ ತನ್ನ ತಾಲೂಕಿನ ಒಂದು ಕೆರೆ, ಒಂದು ಕ್ವಾರಿ, ಗುಡ್ಡ ಕಡಿದ ಒಂದು ರಸ್ತೆ ನೋಡಿ ವರದಿ ಬರೆಸಲಿ, ಪಂಚಾಯಿತಿ ಮುಂದಿಡಲಿ. ಅಂಕ ಅದಕ್ಕೇ ಸಿಗಲಿ. ಗುಡ್ಡ ಬಿರುಕು ಬಿಟ್ಟಾಗ ಮೊದಲು ಕಾಣೋದು ಅಲ್ಲಿನವರಿಗೇ. ಆ ಬಿರುಕನ್ನ ಓದೋಕೆ ಬರಬೇಕು, ಅಷ್ಟೇ.