ಮನೆವಾರ್ತೆ: ಗಾಳಿಯಿಂದ ಇಳಿದ ನೀರು

ಕೆ.ಆರ್. ಪೇಟೆ ತಾಲೂಕಿನ ಶೀಳನೆರೆಯಿಂದ ಸಹೋದರಿಯೊಬ್ಬರು ಕಾಗದ ಬರೆದಿದ್ದಾರೆ. ಅಳಿಯನಿಗೆ ಮಂಗಳೂರಿನಲ್ಲಿ ಕೆಲಸವಾದ್ದರಿಂದ ಮಗಳು ಅಲ್ಲಿಯೇ ಸಂಸಾರ ಹೂಡಿದ್ದಾಳೆ. ಎಂಟು ತಿಂಗಳ ಮೊಮ್ಮಗನಿದ್ದಾನೆ. ಮಳೆಗಾಲ ಬಂತೆಂದರೆ ಮಗುವಿನ ಬಟ್ಟೆ ಒಣಗುವುದಿಲ್ಲ, ಕಪಾಟಿನಲ್ಲಿರುವ ಬುರ್ಖಾ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು. ಈ ಪಾಡು ನೋಡಿ, ದುಬೈಯಲ್ಲಿರುವ ಮಗಳ ಭಾವ ರಜೆಯಲ್ಲಿ ಬಂದಾಗ ತೇವ ಹೀರುವ ಯಂತ್ರವೊಂದನ್ನು, ಅಂದರೆ ಡಿಹ್ಯುಮಿಡಿಫೈಯರ್ ಅನ್ನು ತಂದುಕೊಟ್ಟರಂತೆ. “ದಿನಕ್ಕೆ ಎರಡು ಮೂರು ಸಲ ಅದರ ಡಬ್ಬಿ ತುಂಬುತ್ತದೆ. ರಾತ್ರಿಯೂ ಎದ್ದು ಚೆಲ್ಲಬೇಕು. ನೀರು ನೋಡಿದರೆ ಗಾಜಿನ ಹಾಗಿದೆ. ಕಾಯಿಸಿ ಮಗುವಿಗೆ ಕುಡಿಸಬಹುದು ಎಂದು ಯಾರೋ ಹೇಳಿದ್ದಾರೆ. ಕುಡಿಸಬಹುದೇ? ನಮ್ಮ ಮನೆಗೂ ಅಂಥದೊಂದು ತರಿಸಲೇ?” ಇದು ಅವರ ಪ್ರಶ್ನೆ.

ಮೊದಲು ಮಗುವಿನ ಮಾತು. ಕುಡಿಸಬೇಡಿ. ಕಾಯಿಸಿಯೂ ಬೇಡ, ಸೋಸಿಯೂ ಬೇಡ. ಆ ನೀರಿನಲ್ಲಿ ಹಾಲಿನ ಬಾಟಲಿ ತೊಳೆಯುವುದೂ ಬೇಡ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ನಿಜ. ಆದರೆ ಆ ನೀರು ತಾಮ್ರದ ಕೊಳವೆ, ಅಲ್ಯೂಮಿನಿಯಂ ರೆಕ್ಕೆ, ಬೆಸುಗೆ ಹಾಕಿದ ಜಾಗ ಎಲ್ಲವನ್ನೂ ಸವರಿಕೊಂಡು ಇಳಿದದ್ದು. ಅಲ್ಲಿಂದ ಸೇರಿದ ಲೋಹ ಕಾಯಿಸಿದರೆ ಹೋಗುವುದಿಲ್ಲ. ಮನೆಯ ಗಾಳಿಯಲ್ಲಿ ಏನಿರುತ್ತದೋ ಅದೂ ಅದರಲ್ಲಿ ಸೇರಿರುತ್ತದೆ: ಒಗ್ಗರಣೆಯ ಹೊಗೆ, ಸೊಳ್ಳೆಬತ್ತಿಯ ಹೊಗೆ, ಧೂಳು, ಬೂಷ್ಟಿನ ಕಣ. ನೋಡಲು ತಿಳಿಯಾಗಿದೆ ಎಂಬುದು ಕುಡಿಯಲು ಯೋಗ್ಯ ಎಂಬುದಕ್ಕೆ ಸಾಕ್ಷಿಯಲ್ಲ.

ಈ ನೀರು ಬರುವುದಾದರೂ ಎಲ್ಲಿಂದ? ಶೀಳನೆರೆಯವರಿಗೆ ಇದನ್ನು ವಿವರಿಸುವುದು ಸುಲಭ, ಅವರು ಬೆಲ್ಲ ಬಲ್ಲವರು. ಬೇಸಿಗೆಯಲ್ಲಿ ಕಲ್ಲಿನಂತಿರುವ ಅಚ್ಚುಬೆಲ್ಲ ಆಷಾಢದಲ್ಲಿ ಕೈಗೆ ಅಂಟುತ್ತದೆ. ಅದೇ ಬೆಲ್ಲವನ್ನು ಮಗಳ ಮನೆಗೆಂದು ಜೂನ್‌ನಲ್ಲಿ ಮಂಗಳೂರಿಗೆ ಒಯ್ದು ತೆರೆದಿಟ್ಟರೆ ಕೆಲವೇ ದಿನಗಳಲ್ಲಿ ನೀರು ಬಿಡುತ್ತದೆ. ಮಂಡ್ಯದ ಕಡೆ ವರ್ಷವಿಡೀ ಬೀಳುವ ಮಳೆ ಸುಮಾರು 700 ಮಿ.ಮೀ. ಮಂಗಳೂರಿನಲ್ಲಿ 3,500 ಮಿ.ಮೀ.ಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಬೆಲ್ಲ ಕುಡಿದದ್ದು ಗಾಳಿಯಲ್ಲಿದ್ದ ನೀರನ್ನೇ. ಯಂತ್ರವೂ ಅದನ್ನೇ ಹಿಡಿಯುತ್ತದೆ, ಬೇರೆ ವಿಧಾನದಲ್ಲಿ. ಒಳಗಿನ ಫ್ಯಾನು ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸುತ್ತದೆ. ತಣ್ಣೀರಿನ ಲೋಟದ ಹೊರಗೆ ಹನಿ ಕೂರುವಂತೆ ಕೊಳವೆಯ ಮೇಲೆ ಹನಿ ಕೂತು ಡಬ್ಬಿಗೆ ಇಳಿಯುತ್ತದೆ. ಒಣಗಿದ ಗಾಳಿ ಸ್ವಲ್ಪ ಬಿಸಿಯಾಗಿ ಕೋಣೆಗೆ ಹಿಂದಿರುಗುತ್ತದೆ. ಏ.ಸಿ.ಯ ಹಾಗೆ ತಂಪು ಬೀಸುತ್ತದೆ ಎಂದುಕೊಂಡವರಿಗೆ ಇಲ್ಲಿ ನಿರಾಶೆ ಕಾದಿದೆ.

ದಿನಕ್ಕೆ ಎರಡು ಮೂರು ಸಲ ಡಬ್ಬಿ ತುಂಬುತ್ತದೆ ಎಂಬ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯ ಗಾಳಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಡಬಲ್ಲ ನೀರು ಹೆಚ್ಚೆಂದರೆ ಮುಕ್ಕಾಲು ಲೀಟರಿನಷ್ಟು. ಅದನ್ನು ಹಿತವಾದ ಮಟ್ಟಕ್ಕೆ ಇಳಿಸಲು ಕಾಲು ಲೀಟರ್ ತೆಗೆದರೆ ಸಾಕು. ಹಾಗಾದರೆ ಲೀಟರ್‌ಗಟ್ಟಲೆ ನೀರು ಹೇಗೆ? ಒಂದು ಪಾಲು ಗೋಡೆ, ಹಾಸಿಗೆ, ಬಟ್ಟೆಗಳಿಂದ ಬರುತ್ತದೆ, ಅದು ಬರಲೇಬೇಕಾದದ್ದು. ಉಳಿದದ್ದು ಕಿಟಕಿಯಿಂದ, ಬಾಗಿಲ ಸಂದಿನಿಂದ. ಕಿಟಕಿ ತೆರೆದಿಟ್ಟು ಯಂತ್ರ ಹಾಕಿದರೆ ಅದು ಮಂಗಳೂರಿನ ಆಕಾಶವನ್ನೇ ಒಣಗಿಸಲು ಹೊರಟಂತೆ. ವಾರ ಕಳೆದರೂ ನೀರು ಕಡಿಮೆಯಾಗದಿದ್ದರೆ ಮೊದಲು ಕಿಟಕಿ, ಬಾಗಿಲ ಅಡಿಯ ಸಂದು ನೋಡಿ. ಕೆಲವು ನೂರು ರೂಪಾಯಿಗೆ ತೇವಾಂಶ ತೋರಿಸುವ ಪುಟ್ಟ ಮಾಪಕ ಸಿಗುತ್ತದೆ. ಅದರಲ್ಲಿ 50ರಿಂದ 60 ಇದ್ದರೆ ಸಾಕು, ಯಂತ್ರವನ್ನು ನಿಲ್ಲಿಸಬಹುದು. 250 ವಾಟ್‌ನ ಯಂತ್ರ ಎಂಟು ಗಂಟೆ ಓಡಿದರೆ ಎರಡು ಯೂನಿಟ್ ಕರೆಂಟು ಎಂಬುದೂ ನೆನಪಿರಲಿ.

ಇನ್ನು ರಾತ್ರಿ ಏಳುವ ಕಷ್ಟ. ಡಬ್ಬಿ ತುಂಬಿದರೆ ಒಳಗಿನ ತೇಲುಗುಂಡು ಮೇಲೆದ್ದು ಯಂತ್ರ ತಾನಾಗಿ ನಿಲ್ಲುತ್ತದೆ, ನೀರು ಉಕ್ಕುವುದಿಲ್ಲ. ಆದ್ದರಿಂದ ಮಗುವಿನ ತಾಯಿ ನಿದ್ದೆಗೆಡುವ ಅಗತ್ಯ ಖಂಡಿತ ಇಲ್ಲ. ನಾಲ್ಕು ಲೀಟರಿನ ಡಬ್ಬಿ ಎಂದರೆ ನಾಲ್ಕು ಕಿಲೋ ತೂಕ. ಕತ್ತಲಲ್ಲಿ ಟೈಲ್ಸ್ ನೆಲದ ಮೇಲೆ ತುಳುಕಿಸಿಕೊಂಡು ನಡೆದರೆ ಜಾರಿ ಬೀಳುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಒಮ್ಮೆ ಚೆಲ್ಲಿದರಾಯಿತು. ಚೆಲ್ಲುವಾಗ ಸ್ವಿಚ್ ಆರಿಸಿ, ಹನಿ ನಿಲ್ಲಲು ಎರಡು ನಿಮಿಷ ಬಿಟ್ಟು ಡಬ್ಬಿ ಎಳೆಯಿರಿ. ಆರಿಸಿದ ಯಂತ್ರವನ್ನು ಐದು ನಿಮಿಷವಾದರೂ ಕಳೆಯದೆ ಮತ್ತೆ ಹಾಕಬೇಡಿ, ಕಂಪ್ರೆಸರ್‌ಗೆ ಅದು ಒಳ್ಳೆಯದಲ್ಲ.

ಚೆಲ್ಲುವ ಕೆಲಸವೇ ಬೇಡವೆಂದರೆ ಪೈಪು ಹಾಕಬಹುದು. ಬಹುಪಾಲು ಯಂತ್ರಗಳ ಹಿಂಬದಿಯಲ್ಲಿ ಅದಕ್ಕೊಂದು ಮೂತಿ ಇರುತ್ತದೆ, ರಬ್ಬರಿನ ಬಿರಡೆ ತೆಗೆದು ಪೈಪು ಸಿಕ್ಕಿಸಬೇಕು. ಸೋಲುವುದು ಇಲ್ಲಿಯೇ. ಪಂಪು ಇರುವ ಯಂತ್ರಗಳು ಕಡಿಮೆ. ಉಳಿದವುಗಳಲ್ಲಿ ನೀರು ತಾನಾಗಿ ಇಳಿಯಬೇಕೇ ಹೊರತು ಏರುವುದಿಲ್ಲ. ಮೂತಿಯಿಂದ ತುದಿಯವರೆಗೆ ಪೈಪು ಇಳಿಜಾರಾಗಿಯೇ ಇರಬೇಕು. ನಡುವೆ ಸುರುಳಿ ಸುತ್ತಿದ್ದರೆ, ಒಂದು ಗೇಣು ಮೇಲೆದ್ದಿದ್ದರೆ, ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದರೆ ನೀರು ಹಿಂದೆ ನಿಂತು ಕೋಣೆಯೊಳಗೇ ಸೋರುತ್ತದೆ. ನಮ್ಮ ಬಚ್ಚಲುಮನೆಗಳಿಗೆ ಬಾಗಿಲಲ್ಲಿ ಎರಡು ಮೂರು ಅಂಗುಲದ ಕಟ್ಟೆ ಇರುತ್ತದಲ್ಲ, ಪೈಪು ಅದನ್ನು ದಾಟಬೇಕು. ಆದ್ದರಿಂದ ಯಂತ್ರವನ್ನು ನೆಲದ ಮೇಲಿಡದೆ ಅಲುಗಾಡದ ಗಟ್ಟಿ ಸ್ಟೂಲಿನ ಮೇಲಿಡಿ. ಮಗು ಅಂಬೆಗಾಲಿಡುವ ಮನೆಯಲ್ಲಿ ಸ್ಟೂಲು ಗೋಡೆಯ ಮೂಲೆಗಿರಲಿ, ಪೈಪು, ವೈರು ಮಗುವಿನ ಕೈಗೆ ಸಿಗದಿರಲಿ. ಪೈಪಿನ ತುದಿಯನ್ನು ಬಚ್ಚಲ ಕಿಂಡಿಯೊಳಗೆ ತುರುಕಬಾರದು, ಮೇಲೆಯೇ ನಿಂತು ಹನಿಯಲಿ. ತುರುಕಿದರೆ ಮೋರಿಯ ವಾಸನೆಯೂ ಹುಳುವೂ ಅದೇ ದಾರಿಯಲ್ಲಿ ಮೇಲೆ ಬರುತ್ತವೆ. ಫ್ಲ್ಯಾಟಿನ ಕಿಟಕಿಯಿಂದ ಪೈಪು ಇಳಿಬಿಟ್ಟು, ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಗೆ ಹನಿಸುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಕೆಳಗಿನ ಮನೆಯವರು ಹೇಳುತ್ತಾರೆ.

ಗಲ್ಫಿನಿಂದ ಬಂದ ಯಂತ್ರವಾದ್ದರಿಂದ ಇನ್ನೊಂದು ಮಾತು. ದುಬೈಯ ಕರೆಂಟು ನಮ್ಮದಕ್ಕೆ ಹೊಂದುತ್ತದೆ, ಆದರೆ ಅಲ್ಲಿನ ಚಪ್ಪಟೆ ಕಾಲುಗಳ ಪ್ಲಗ್ಗು ನಮ್ಮ ಗೋಡೆಗೆ ಹೊಂದುವುದಿಲ್ಲ. ಸಡಿಲವಾದ ಅಡಾಪ್ಟರ್ ಸಿಕ್ಕಿಸಿ ನಡೆಸುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ನೀರು ಹಿಡಿಯುವ ಯಂತ್ರಕ್ಕೆ ಅದು ಸಲ್ಲದು. ಇಲೆಕ್ಟ್ರೀಷಿಯನ್‌ನನ್ನು ಕರೆಸಿ ನಮ್ಮ ಮೂರು ಪಿನ್ನಿನ ಪ್ಲಗ್ಗು ಹಾಕಿಸಿ, ಅರ್ತ್ ಸರಿಯಿದೆಯೇ ಎಂದೂ ನೋಡಿಸಿ. ಸೌದಿಯ ಕರೆಂಟು 60 ಹರ್ಟ್ಸ್, ನಮ್ಮದು 50. ಅಲ್ಲಿಂದ ತಂದದ್ದಾದರೆ ಯಂತ್ರದ ಹಿಂದಿನ ಚೀಟಿ ಓದಿಸದೆ ಹಾಕಬೇಡಿ.

ಡಬ್ಬಿಯ ನೀರನ್ನು ಚೆಲ್ಲಿಯೇ ಬಿಡಬೇಕೆಂದಿಲ್ಲ. ನೆಲ ಒರೆಸಲು, ಶೌಚಾಲಯಕ್ಕೆ ಹಾಕಲು, ಹೂವಿನ ಗಿಡಗಳಿಗೆ ಧಾರಾಳವಾಗಿ ಬಳಸಿ. ಕೊತ್ತಂಬರಿ, ಪುದೀನದಂಥ ತಿನ್ನುವ ಸೊಪ್ಪಿಗೆ ಬೇಡ. ಇನ್ವರ್ಟರ್ ಬ್ಯಾಟರಿಗೆ ಏ.ಸಿ. ನೀರು ಸುರಿಯುವ ರೂಢಿ ಹಲವರಲ್ಲಿದೆ, ಡಿಸ್ಟಿಲ್ಡ್ ವಾಟರ್ ಇದೇ ತಾನೇ ಎಂಬ ಲೆಕ್ಕಾಚಾರ. ಅಲ್ಲ. ಮೇಲೆ ಹೇಳಿದ ಧೂಳು, ಲೋಹ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತವೆ. ಬಾಟಲಿ ನೀರಿನ ದುಡ್ಡು ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಬ್ಯಾಟರಿ ಕಳೆದುಕೊಳ್ಳುವುದೇಕೆ?

ವುಝೂ ಮಾಡಬಹುದೇ ಎಂದು ಕೆಲವರಾದರೂ ಕೇಳಿಯೇ ಕೇಳುತ್ತಾರೆ. ಗಾಳಿಯ ತೇವ ಹನಿಯಾಗಿ ಇಳಿದ ಇಂಥ ನೀರು ಶುದ್ಧವಾದದ್ದು, ಅದರಿಂದ ವುಝೂ ಆಗುತ್ತದೆ ಎಂದು ವಿದ್ವಾಂಸರು ಏ.ಸಿ. ನೀರಿನ ವಿಷಯದಲ್ಲಿ ಹೇಳಿದ್ದಾರೆ. ಅದು ಅವರ ಕ್ಷೇತ್ರ, ಸಂದೇಹವಿದ್ದರೆ ನಿಮ್ಮ ಊರಿನ ಆಲಿಮರನ್ನು ಕೇಳಿಕೊಳ್ಳಿ. ನಾನು ಹೇಳುವುದು ಆರೋಗ್ಯದ ಮಾತು: ವುಝೂವಿನಲ್ಲಿ ಬಾಯಿ ಮುಕ್ಕಳಿಸುತ್ತೇವೆ, ಮೂಗಿಗೆ ನೀರೆಳೆಯುತ್ತೇವೆ. ಡಬ್ಬಿಯಲ್ಲಿ ನಿಂತ ನೀರು ಬಾಯಿ ಮೂಗಿಗೆ ತಕ್ಕದ್ದಲ್ಲ. ನಲ್ಲಿಯಲ್ಲಿ ನೀರಿರುವ ಮನೆಯಲ್ಲಿ ಅದರ ಗೊಡವೆಯೇ ಬೇಡ.

ನಿಲ್ಲುವ ನೀರೆಂದಾಗ ಸೊಳ್ಳೆಯ ನೆನಪಾಗಬೇಕು. ಡೆಂಗಿ ಹರಡುವ ಸೊಳ್ಳೆ ಮೋರಿಗಿಂತ ಇಂಥ ತಿಳಿನೀರನ್ನೇ ಹುಡುಕಿ ಮೊಟ್ಟೆಯಿಡುತ್ತದೆ, ವಾರ ಹತ್ತು ದಿನಗಳಲ್ಲಿ ಮರಿಸೊಳ್ಳೆ ಹಾರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನೂ ನಿಗದಿ ಮಾಡಿತು. ದಂಡಕ್ಕಿಂತ ಜ್ವರ ದುಬಾರಿ. ಯಂತ್ರ ಆರಿಸಿ ಊರಿಗೆ ಹೊರಡುವಾಗ ಡಬ್ಬಿ ಬರಿದು ಮಾಡಿ. ಹಾಗೆಯೇ ಫ್ರಿಜ್‌ನ ಹಿಂದಿನ ತಟ್ಟೆಯನ್ನೂ ಒಮ್ಮೆ ಎಳೆದು ನೋಡಿ, ಅದು ಇದೆ ಎಂಬುದೇ ಹಲವರಿಗೆ ತಿಳಿದಿಲ್ಲ. ಡಬ್ಬಿಯ ತಳ ಜಾರುವಂತಾದರೆ ಅದು ಲೋಳೆ. ವಾರಕ್ಕೊಮ್ಮೆ ಸೋಪು ಹಾಕಿ ಉಜ್ಜಿ. ವಿನೆಗರ್ ಬಳಸಿದರೆ ಬ್ಲೀಚಿಂಗ್ ಮುಟ್ಟಬೇಡಿ, ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ.

ಇನ್ನು ಶೀಳನೆರೆಯ ಮನೆಗೆ ಯಂತ್ರ ಬೇಕೇ? ಬೇಡ. ವರ್ಷದ ಹೆಚ್ಚು ದಿನ ಅಲ್ಲಿ ಕಿಟಕಿ ತೆರೆದರೆ ಸಿಗುವ ಒಣಗಾಳಿ ಯಾವ ಯಂತ್ರಕ್ಕೂ ಕಡಿಮೆಯಲ್ಲ. ಗೋಡೆಯ ಬುಡ ಒದ್ದೆಯಾಗಿ ಸುಣ್ಣ ಉದುರುತ್ತಿದ್ದರೆ ಅದು ಗಾಳಿಯ ತೇವವಲ್ಲ, ನೆಲದಿಂದಲೋ ಒಡೆದ ಪೈಪಿನಿಂದಲೋ ಏರಿದ ನೀರು. ಯಂತ್ರ ಅದನ್ನು ಬಕೆಟ್ಟಿಗೆ ತುಂಬುತ್ತಲೇ ಇರುತ್ತದೆ, ಗೋಡೆ ಕುಡಿಯುತ್ತಲೇ ಇರುತ್ತದೆ. ಅಲ್ಲಿ ಬೇಕಾದವನು ಗಾರೆಯವನು. ಮಗಳ ಮನೆಯ ಮಾತು ಬೇರೆ. ತೇವ ಮತ್ತು ಬೂಷ್ಟು ತುಂಬಿದ ಮನೆಗಳಲ್ಲಿ ಉಬ್ಬಸ, ಕೆಮ್ಮು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಮಗು ಮಲಗುವ ಕೋಣೆಗೆ ಆ ಯಂತ್ರ ದಂಡವಲ್ಲ.

ಮಳೆ ಮುಗಿದ ಮೇಲೆ ಅದನ್ನು ಹಾಗೆಯೇ ಅಟ್ಟಕ್ಕೆ ಏರಿಸಬೇಡಿ. ಡಬ್ಬಿ, ಪೈಪು ಎರಡನ್ನೂ ಬರಿದು ಮಾಡಿ ಬಿಸಿಲಿನಲ್ಲಿ ಒಣಗಿಸಿ, ಗಾಳಿಯ ಜಾಲರಿ ತೊಳೆದು, ಒಳಗಿನ ತೇವ ಆರಲು ಒಂದೆರಡು ದಿನ ಬಿಡಿ. ಪ್ಲಾಸ್ಟಿಕ್ ಬದಲು ಹಳೆಯ ದುಪಟ್ಟಾ ಹೊದಿಸಿ, ಮಲಗಿಸದೆ ನೆಟ್ಟಗೆ ನಿಲ್ಲಿಸಿಡಿ.