ಅಡುಗೆಗೂ ಅದೇ ನೀರು ಹಾಕಿ

ಬಯಲುಸೀಮೆಯ ಎಷ್ಟೋ ಮನೆಗಳಲ್ಲಿ ಈಗ ಎರಡು ಬಗೆಯ ನೀರಿದೆ. ಪಂಚಾಯ್ತಿಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ, ಕ್ಯಾನು ತುಂಬಿಸಿ, ಬೈಕಿನ ಮೇಲೆ ಇಟ್ಟುಕೊಂಡು ತಂದದ್ದು ಕುಡಿಯೋಕೆ. ನಲ್ಲಿಯಲ್ಲಿ ಬರುವ ಬೋರ್‌ವೆಲ್ ನೀರು ಮಿಕ್ಕೆಲ್ಲಕ್ಕೆ: ಪಾತ್ರೆ, ಬಟ್ಟೆ, ಸ್ನಾನ, ಜೊತೆಗೆ ಅನ್ನ, ಮುದ್ದೆ, ಸಾರು, ಟೀ. ‘ಅಡುಗೆ ನೀರು ಹೇಗೂ ಕುದಿಯುತ್ತಲ್ಲ’ ಅನ್ನೋದು ನಮ್ಮ ಧೈರ್ಯ. ಪಾವಗಡ, ಶಿರಾ, ಬಾಗೇಪಲ್ಲಿ, ಮುಂಡರಗಿಯಂಥ ಫ್ಲೋರೈಡ್ ನೀರಿನ ಸೀಮೆಗಳಲ್ಲಿ ಈ ಧೈರ್ಯ ನಮ್ಮ ಎಲುಬಿಗೆ ಮುಳುವಾಗುತ್ತಿದೆ. ಅಲ್ಲಿನ ಅಕ್ಕಂದಿರು, ಅಣ್ಣಂದಿರಲ್ಲಿ ಈ ಮನವಿ.

ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಫ್ಲೋರೈಡ್ ರೋಗಾಣುವಲ್ಲ, ಬಂಡೆಯಿಂದ ಕರಗಿ ಬಂದ ಲವಣ. ಬೇಳೆ ಬೇಯುವಾಗ ಆವಿಯಾಗಿ ಹೋಗುವುದು ನೀರು ಮಾತ್ರ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಅಂದರೆ ಸಾರು ಕುದಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಮುದ್ದೆಯಂತೂ ಎಸರನ್ನು ಪೂರ್ತಿ ಹೀರಿಕೊಳ್ಳುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನಿಮ್ಮ ಊರಿನ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆ, ಘಟಕದ ನೀರಿನಲ್ಲಿ ಅರ್ಧ ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಎರಡು ಲೀಟರ್ ಘಟಕದ ನೀರು ಕುಡಿದರೆ ಒಳಗೆ ಹೋಗುವುದು 1 ಮಿಲಿಗ್ರಾಂ. ಅನ್ನ, ಮುದ್ದೆ, ಸಾರು, ಟೀ ಸೇರಿ ಒಂದು ಲೀಟರಿನಷ್ಟು ಬೋರ್‌ವೆಲ್ ನೀರು ಹೊಟ್ಟೆಗೆ ಹೋದರೆ ಅದರಿಂದಲೇ 3 ಮಿಲಿಗ್ರಾಂ. ದುಡ್ಡು ಕೊಟ್ಟು ಕ್ಯಾನು ಹೊತ್ತು ತಂದರೂ ಮುಕ್ಕಾಲು ಪಾಲು ಫ್ಲೋರೈಡ್ ಅಡುಗೆಮನೆಯ ದಾರಿಯಲ್ಲಿ ಬಂದೇ ಬಿಟ್ಟಿತು.

ಇದು ಎಲುಬಿಗೆ ಏನು ಮಾಡುತ್ತದೆ ಎಂಬುದನ್ನು ವೈದ್ಯರು ಇಂದು ನಿನ್ನೆ ಕಂಡುಕೊಂಡದ್ದಲ್ಲ. ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗರ ಬೆನ್ನು, ಕೀಲುಗಳು ಸೆಟೆದುಕೊಂಡಿದ್ದನ್ನು ಶಾರ್ಟ್ ಮತ್ತು ಸಂಗಡಿಗರು 1937ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಅವರು ಫ್ಲೋರೈಡ್ ಸೀಮೆಯಲ್ಲಿ ಮಂಡಿ ಒಳಕ್ಕೆ ಬಾಗಿದ ರೋಗಿಗಳ ಬಗ್ಗೆ ‘ಲ್ಯಾನ್ಸೆಟ್’ನಲ್ಲಿ ಬರೆದರು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಮಾತ್ರ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ. ಫ್ಲೋರೈಡ್ ಎಲುಬನ್ನು ದಟ್ಟವಾಗಿಸುತ್ತದೆ ಎಂದು ಗೊತ್ತಾದ ಮೇಲೆ, ಮೂಳೆ ಸವೆತಕ್ಕೆ ಅದನ್ನೇ ಔಷಧಿಯಾಗಿ ಕೊಟ್ಟರೆ ಹೇಗೆ ಎಂದು ಅಲ್ಲಿನ ವೈದ್ಯರಿಗೆ ಅನ್ನಿಸಿತು. ಮೇಯೋ ಕ್ಲಿನಿಕ್‌ನ ರಿಗ್ಸ್ ಮತ್ತು ಜೊತೆಗಾರರು ಮುಟ್ಟು ನಿಂತ, ಬೆನ್ನೆಲುಬು ಮುರಿದಿದ್ದ 202 ಹೆಂಗಸರನ್ನು ಆರಿಸಿಕೊಂಡು, ಒಂದು ಗುಂಪಿಗೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಕೊಟ್ಟರು. ನಾಲ್ಕು ವರ್ಷದಲ್ಲಿ ಸೊಂಟದ ಕಡೆಯ ಬೆನ್ನೆಲುಬಿನ ಸಾಂದ್ರತೆ ಶೇ. 35ರಷ್ಟು ಏರಿತು. ಯಂತ್ರದ ಅಂಕಿ ನೋಡಿದವರು ಹಬ್ಬ ಮಾಡಬೇಕಿತ್ತು. ಆದರೆ ಬೆನ್ನೆಲುಬು ಮುರಿಯುವುದು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಕೈಕಾಲು, ತೊಡೆಸಂದಿನಂಥ ಬೇರೆ ಎಲುಬುಗಳು ಫ್ಲೋರೈಡ್ ತೆಗೆದುಕೊಂಡವರಲ್ಲಿ ಇತರರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಮುರಿದವು. ಈ ಫಲಿತಾಂಶ ಅಚ್ಚಾದದ್ದು 1990ರಲ್ಲಿ. ಅವರು ನುಂಗಿದ್ದು ನಮ್ಮ ನಲ್ಲಿ ನೀರಿಗಿಂತ ಬಹಳ ಹೆಚ್ಚಿನ ಪ್ರಮಾಣ, ಅದನ್ನು ಮರೆಯಬಾರದು. ಆದರೆ ಅವರು ತೆಗೆದುಕೊಂಡದ್ದು ನಾಲ್ಕು ವರ್ಷ, ನಮ್ಮ ಮಕ್ಕಳು ಕುಡಿಯುವುದು ಹುಟ್ಟಿದಾಗಿನಿಂದ.

ದಟ್ಟವಾದ ಎಲುಬು ಮುರಿಯುವುದು ಯಾಕೆ? ಎಲುಬಿನ ಖನಿಜದ ಹರಳಿನೊಳಗೆ ಫ್ಲೋರೈಡ್ ನುಸುಳಿ ಕೂರುತ್ತದೆ, ಎಲುಬು ಕಟ್ಟುವ ಜೀವಕೋಶಗಳನ್ನೂ ಅತಿಯಾಗಿ ಕೆಣಕುತ್ತದೆ. ಹಾಗಾಗಿ ಎಲುಬು ಹೆಚ್ಚುತ್ತದೆ, ಆದರೆ ಒಳಗಿನ ಕಟ್ಟೋಣ ಅಂಕುಡೊಂಕಾಗಿ ಪೆಡಸಾಗುತ್ತದೆ. ಸುತ್ತಲಿನ ಅಸ್ಥಿರಜ್ಜುಗಳಲ್ಲೂ ಸುಣ್ಣದ ಅಂಶ ಸೇರಿ ಕತ್ತು ತಿರುಗದು, ಸೊಂಟ ಬಗ್ಗದು. ರೋಗ ಬಲಿತರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದು ಕಾಲಿನ ಸ್ವಾಧೀನವೇ ತಪ್ಪಬಹುದು. ದೇಹದಲ್ಲಿ ಉಳಿಯುವ ಫ್ಲೋರೈಡಿನ ಶೇ. 99ರಷ್ಟು ಎಲುಬು, ಹಲ್ಲುಗಳಲ್ಲೇ ನೆಲೆಸುತ್ತದೆ. ಬೆಳೆಯುವ ಮಕ್ಕಳ ದೇಹ ದೊಡ್ಡವರಿಗಿಂತ ಹೆಚ್ಚು ಪಾಲು ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಒಮ್ಮೆ ಸೆಟೆದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ.

ಆದ್ದರಿಂದ ಈ ಕಡೆಯ ವೈದ್ಯರಲ್ಲೂ ಒಂದು ಮಾತು. ನಲವತ್ತರ ಹೆಂಗಸು ಸೊಂಟ ಹಿಡಿದುಕೊಂಡು ಬಂದರೆ ‘ವಯಸ್ಸಾಯ್ತಮ್ಮ’ ಎಂದು ನೋವಿನ ಇಂಜೆಕ್ಷನ್ ಕೊಟ್ಟು ಕಳಿಸುವ ಮೊದಲು, ‘ಮನೇಲಿ ಅಡುಗೆಗೆ ಯಾವ ನೀರು ಹಾಕ್ತೀರಿ?’ ಎಂದು ಕೇಳಿ. ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆಯಲ್ಲಿ ಸುಣ್ಣದ ಅಂಶ ಸೇರಿದೆಯೇ ಎಂದು ಒಂದು ಎಕ್ಸ್‌ರೇ ತೆಗೆದು ನೋಡಿ. ಸಾಂದ್ರತೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕಿ ಬಂತೆಂದು ಫ್ಲೋರೈಡ್ ಊರಿನವರಿಗೆ ‘ನಿಮ್ಮ ಎಲುಬು ಗಟ್ಟಿಯಾಗಿದೆ’ ಎಂದು ಹೇಳಬೇಡಿ.

ನೀರಿನ ವಿಷಯದಲ್ಲಿ ಬಾಯಿರುಚಿಯನ್ನು ನಂಬಬೇಡಿ. ಫ್ಲೋರೈಡಿಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಗಡಸು ನೀರನ್ನು ಎಲ್ಲರೂ ಬೈಯುತ್ತೇವೆ, ಆದರೆ ಫ್ಲೋರೈಡ್ ಹೆಚ್ಚಿರುವ ಅಂತರ್ಜಲದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವುದೇ ಹೆಚ್ಚು. ಸೋಪು ಚೆನ್ನಾಗಿ ನೊರೆ ಬರುತ್ತದೆ ಎಂಬುದು ನೀರು ಒಳ್ಳೆಯದು ಎನ್ನುವುದಕ್ಕೆ ಸಾಕ್ಷಿಯಲ್ಲ. ಫಿಲ್ಟರ್ ಮಾರಲು ಬರುವವರು ಲೋಟಕ್ಕೆ ಅದ್ದಿ ತೋರಿಸುವ ಟಿಡಿಎಸ್ ಪೆನ್ನು ಒಟ್ಟು ಲವಣದ ಅಂದಾಜು ಕೊಡುತ್ತದೆಯೇ ಹೊರತು ಫ್ಲೋರೈಡ್ ಎಷ್ಟಿದೆ ಎಂದು ಹೇಳುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕದ್ದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು. ಜಲಜೀವನ್ ಮಿಷನ್‌ನಲ್ಲಿ ತರಬೇತಿ ಪಡೆದ ಹೆಂಗಸರು ಎಷ್ಟೋ ಊರುಗಳಲ್ಲಿದ್ದಾರೆ, ಅವರ ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡ್ ನೋಡುವ ವ್ಯವಸ್ಥೆಯೂ ಇದೆ. ಅನುಮಾನ ಬಂದರೆ ಮಾದರಿಯನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿಕೊಡಿ ಎಂದು ಪಿಡಿಒ ಅವರನ್ನು ಕೇಳಿ. ಘಟಕದಿಂದ ಹೊರಬರುವ ನೀರನ್ನೂ ಪರೀಕ್ಷೆ ಮಾಡಿಸಬೇಕು, ಯಾಕೆಂದರೆ ಒಳಗಿನ ಪೊರೆ ಹಳೆಯದಾದರೆ ಬೋರ್ಡು ಮಾತ್ರ ‘ಶುದ್ಧ’ ಎನ್ನುತ್ತಿರುತ್ತದೆ.

ಊಟದ ಕಡೆ ನಮಗೆ ಸ್ವಲ್ಪ ಅನುಕೂಲವಿದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ ಕಡಿಮೆ ತಿನ್ನುವ ಮಕ್ಕಳಿಗೆ ಫ್ಲೋರೈಡಿನ ಪೆಟ್ಟು ಜಾಸ್ತಿ. ದಿನಕ್ಕೆ 10 ಗ್ರಾಂ ಹುಣಸೆಹಣ್ಣು ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಹೋಯಿತು ಎಂದು ಅದೇ ಹೈದರಾಬಾದಿನ ಸಂಸ್ಥೆಯ ಸಂಶೋಧಕರು 2002ರಲ್ಲಿ ಪ್ರಕಟಿಸಿದ್ದಾರೆ. ಹಾಗಂತ ಹುಳಿಸಾರೇ ಮದ್ದು ಎಂದು ವಾಟ್ಸಾಪಿನಲ್ಲಿ ಹಂಚಬೇಡಿ. ಆ ಹುಳಿಸಾರನ್ನೂ ಯಾವ ನೀರಿನಲ್ಲಿ ಮಾಡಿದಿರಿ ಎಂಬುದೇ ಮೊದಲ ಪ್ರಶ್ನೆ. ಕಡಕ್ ಟೀ, ಕಪ್ಪು ಉಪ್ಪು, ಅಡಿಕೆ ಇವುಗಳಿಂದಲೂ ಫ್ಲೋರೈಡ್ ಬರುತ್ತದೆ, ಮಿತಿ ಇರಲಿ.

ಸ್ನಾನಕ್ಕೆ, ಪಾತ್ರೆಗೆ, ಬಟ್ಟೆಗೆ ಬೋರ್‌ವೆಲ್ ನೀರು ಧಾರಾಳವಾಗಿ ಬಳಸಿ. ಚರ್ಮದ ಮೂಲಕ ಫ್ಲೋರೈಡ್ ಒಳಹೋಗುವ ಭಯವಿಲ್ಲ. ಆದರೆ ಹೊಟ್ಟೆಗೆ ಹೋಗುವುದೆಲ್ಲ, ಎಸರೂ ಟೀಯೂ ಸೇರಿ, ಪರೀಕ್ಷಿಸಿದ ನೀರೇ ಆಗಲಿ. ಮನೆಗೆ ದಿನಕ್ಕೆ ಇನ್ನರ್ಧ ಕ್ಯಾನು ಹೆಚ್ಚಿಗೆ ಬೇಕಾಗಬಹುದು, ಅದನ್ನು ಹೊತ್ತು ತರುವ ಕೆಲಸವನ್ನು ದಯವಿಟ್ಟು ಗಂಡಸರೂ ಹಂಚಿಕೊಳ್ಳಿ. ಮಾಳಿಗೆ ಮೇಲಿನ ಮಳೆ ನೀರನ್ನು ಸೋಸಿ ತೊಟ್ಟಿಯಲ್ಲಿ ಹಿಡಿದಿಟ್ಟರೆ ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟಕ್ಕೆ ಯಾವ ನೀರು ಹಾಕುತ್ತಿದ್ದಾರೆ ಎಂದು ಈ ವಾರವೇ ಒಮ್ಮೆ ಹೋಗಿ ಕೇಳಿ. ಮಕ್ಕಳ ಶಾಶ್ವತ ಹಲ್ಲು ಒಸಡಿನೊಳಗೆ ರೂಪುಗೊಳ್ಳುವುದು ಮೊದಲ ಎಂಟು ವರ್ಷದಲ್ಲಿ. ಹಲ್ಲಿನ ಮೇಲೆ ಕಂದು ಪಟ್ಟೆ ಕಂಡಿತೆಂದರೆ ನೀರು ಕೆಟ್ಟಿರುವ ಸುದ್ದಿ ಆಗಲೇ ತಡವಾಗಿ ಬಂದಿದೆ ಎಂದರ್ಥ.

ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಮಾತಿನ ಜೊತೆ ಇದನ್ನೂ ಎತ್ತಿ: ಊರಿನ ಪ್ರತಿ ಬೋರ್‌ವೆಲ್ಲಿನ, ಪ್ರತಿ ಘಟಕದ ಫ್ಲೋರೈಡ್ ಅಂಕಿಯನ್ನು, ಪರೀಕ್ಷಿಸಿದ ತಾರೀಖಿನ ಸಮೇತ, ಪಂಚಾಯ್ತಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಿ ಎಂದು ಒತ್ತಾಯ ಮಾಡಿ. ಬರೆಸುವವರೆಗೂ ಕೇಳುತ್ತಲೇ ಇರಿ.