ಗರ್ಜಿಸಿದ ಶಾರ್ಕ್!

1975ರ ‘ಜಾಸ್’ ಚಿತ್ರ ನೋಡಿ ಅನೇಕರು ಕಡಲಿಗಿಳಿಯಲು ಹೆದರಿದರು. 1987ರಲ್ಲಿ ಬಂದ ಅದರ ನಾಲ್ಕನೆಯ ಕಂತು ‘ಜಾಸ್: ದಿ ರಿವೆಂಜ್’ ನೋಡಿದವರು ಹೆದರಲಿಲ್ಲ, ನಕ್ಕರು. ವಿಮರ್ಶಕರು ಛೀಮಾರಿ ಹಾಕಿದ ಈ ಚಿತ್ರವನ್ನು ಕಾಗದ, ಪೆನ್ಸಿಲ್ ಹಿಡಿದು ನೋಡಿದರೆ ಒಳ್ಳೆಯ ವಿಜ್ಞಾನ ಪಾಠ.

ಕಥೆ ಇಷ್ಟೆ. ಹಿಂದೆ ಶಾರ್ಕ್ ಕೊಂದ ಪೊಲೀಸ್ ಅಧಿಕಾರಿಯ ಕುಟುಂಬದ ಮೇಲೆ ಮತ್ತೊಂದು ಶಾರ್ಕ್ ಸೇಡಿಗೆ ನಿಲ್ಲುತ್ತದೆ. ಕಿರಿಯ ಮಗ ಬಲಿಯಾದ ಮೇಲೆ ತಾಯಿ ವಿಮಾನ ಹತ್ತಿ ಬಹಾಮಾಸ್ ದ್ವೀಪಗಳಿಗೆ ಹೋಗುತ್ತಾಳೆ. ಶಾರ್ಕ್ ಮೂರೇ ದಿನಗಳಲ್ಲಿ ಅಲ್ಲಿಗೂ ಹಾಜರು!

ಈಗ ಲೆಕ್ಕ. ಊರಿನ ದೃಶ್ಯಗಳನ್ನು ಚಿತ್ರಿಸಿದ ಅಮೆರಿಕದ ಮಾರ್ತಾಸ್ ವಿನ್‌ಯಾರ್ಡ್‌ನಿಂದ ಬಹಾಮಾಸ್‌ಗೆ ಸುಮಾರು 1,900 ಕಿ.ಮೀ. ಅಂದರೆ ಹಗಲೂ ರಾತ್ರಿ ಗಂಟೆಗೆ 26 ಕಿ.ಮೀ. ವೇಗದಲ್ಲಿ ಈಜಬೇಕು. 2003ರಲ್ಲಿ ವಿಜ್ಞಾನಿಗಳು ದಕ್ಷಿಣ ಆಫ್ರಿಕದಲ್ಲಿ ಉಪಕರಣ ಅಳವಡಿಸಿ ಬಿಟ್ಟ ‘ನಿಕೋಲ್’ ಎಂಬ ಹೆಣ್ಣು ಬಿಳಿ ಶಾರ್ಕ್, ಸುಮಾರು 11,000 ಕಿ.ಮೀ. ಈಜಿ ಆಸ್ಟ್ರೇಲಿಯ ತಲುಪಲು 99 ದಿನ ತೆಗೆದುಕೊಂಡಿತು. ಆ ವೇಗದಲ್ಲಿ ಬಹಾಮಾಸ್‌ಗೆ 17 ದಿನ ಬೇಕು.

ಇನ್ನು ಕೊನೆಯ ದೃಶ್ಯ. ಶಾರ್ಕ್ ನೀರಿನಿಂದ ಮೇಲೆದ್ದು ಸಿಂಹದಂತೆ ಗರ್ಜಿಸುತ್ತದೆ! ಗರ್ಜಿಸಲು ಶ್ವಾಸಕೋಶ ಬೇಕು, ಧ್ವನಿಪೆಟ್ಟಿಗೆ ಬೇಕು. ಕಿವಿರಿನಿಂದ ಉಸಿರಾಡುವ ಶಾರ್ಕಿಗೆ ಎರಡೂ ಇಲ್ಲ.

ಇವೆಲ್ಲ ನಗುವ ತಪ್ಪುಗಳು. ‘ಸೇಡು’ ಮಾತ್ರ ಹಾಗಲ್ಲ. ಶಾರ್ಕ್ ಹಸಿವಿಗೆ ಬೇಟೆಯಾಡುತ್ತದೆ. ಹಗೆ ಸಾಧಿಸುವುದು ಮನುಷ್ಯನ ಗುಣ. ಶಾರ್ಕನ್ನು ಶತ್ರುವೆಂದು ಬಗೆದು ಕೊಂದವರು ಕಡಿಮೆಯಿಲ್ಲ. ‘ಜಾಸ್’ ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಇದಕ್ಕಾಗಿ ನೊಂದು, 2006ರಲ್ಲಿ ತೀರಿಕೊಳ್ಳುವವರೆಗೂ ಶಾರ್ಕ್‌ಗಳ ರಕ್ಷಣೆಗೆ ದುಡಿದರು.

ಮಕ್ಕಳು ಇಂಥ ಚಿತ್ರ ನೋಡುವಾಗ ತಂದೆ ತಾಯಿ ಟೀವಿ ಆರಿಸಬೇಕಾಗಿಲ್ಲ. ಪಕ್ಕದಲ್ಲಿ ಕುಳಿತು, ‘ಇದು ಸಾಧ್ಯವೇ?’ ಎಂದು ಕೇಳಿದರೆ ಸಾಕು.